ಮೂಟೆಗಳಿಗೆ ನಂಬರು ಕೊಟ್ಟ ವಹಾಬ್ ಸಾಬರು

ವಹಾಬ್ ಸಾಬರ ಮಂಡಿಗೆ ಬಂದ ಯಾವ ಶೇಂಗಾ ಮೂಟೆಯೂ ಅನಾಮಧೇಯವಾಗಿ ಹೊರಗೆ ಹೋದದ್ದಿಲ್ಲ. ಮೂಟೆ ಗಾಡಿಯಿಂದ ಇಳಿದ ಕೂಡಲೇ ಅದರ ಹೊಟ್ಟೆಯ ಮೇಲೆ ನೀಲಿ ಬಣ್ಣದಲ್ಲಿ ಒಂದು ನಂಬರು ಬೀಳುತ್ತಿತ್ತು. ಆಮೇಲೆ ಅದೇ ನಂಬರು ಬೆನ್ನ ಮೇಲೂ ಬೀಳುತ್ತಿತ್ತು. ಮೂಟೆ ಗೋಡೆಗೆ ಮುಖ ಮಾಡಿ ನಿಂತುಬಿಟ್ಟರೆ ಗತಿಯೇನು? ಅಷ್ಟಕ್ಕೂ ಸಮಾಧಾನವಾಗದೆ ಅದನ್ನೇ ಒಂದು ರಟ್ಟಿನ ಚೂರಿನ ಮೇಲೆ ಬರೆದು, ಮೂಟೆಯ ಬಾಯಿ ಹೊಲಿಯುವ ಮುಂಚೆ ಒಳಗೆ ಇಳಿಬಿಡುತ್ತಿದ್ದರು. ಮಳೆ ಬಂದು ಹೊರಗಿನದು ಅಳಿಸಿದರೆ ಒಳಗಿನದಿರುತ್ತದೆ. ಇಲಿ ಒಳಗಿನದನ್ನು ತಿಂದರೆ ಹೊರಗಿನದಿರುತ್ತದೆ. ಮಳೆಯೂ ಇಲಿಯೂ ಮಾತಾಡಿಕೊಂಡು ಒಟ್ಟಿಗೇ ಬಂದರೆ ಕಂಪ್ಯೂಟರ್ ಇರುತ್ತದೆ. ಚಳ್ಳಕೆರೆಯ ಮಾರುಕಟ್ಟೆ ಪ್ರಾಂಗಣದಲ್ಲಿ ಓಡಾಡುತ್ತಿದ್ದ ಎಷ್ಟೋ ಮನುಷ್ಯರಿಗೇ ಇಷ್ಟು ಗುರುತು ಇರಲಿಲ್ಲ.

ಪೂರ್ಣ ಹೆಸರು ಅಬ್ದುಲ್ ವಹಾಬ್. ಕಸುಬು, ರೈತರು ತಂದ ಶೇಂಗಾವನ್ನು ಇಳಿಸಿಕೊಂಡು ನಮ್ಮಂಥ ಎಣ್ಣೆ ಮಿಲ್ಲಿನವರಿಗೆ ಮಾರಿಸಿಕೊಡುವ ದಲಾಲಿ. ಉಪಕಸುಬು, ಹೆದರುವುದು. ಎರಡನ್ನೂ ಸಮಾನ ಶ್ರದ್ಧೆಯಿಂದ ನಡೆಸಿಕೊಂಡು ಬಂದರು. ಎತ್ತರದ ಒಣಕಲು ಶರೀರ, ಅರ್ಧ ನರೆತ ಗಡ್ಡ, ಹಿಂದಿನಿಂದ ಯಾರೋ ಕೂಗಿದಂತೆ ಸದಾ ಕತ್ತನ್ನು ಒಂದಿಷ್ಟು ಓರೆ ಮಾಡಿಕೊಂಡೇ ನಡೆಯುವ ರೀತಿ. "ಆರಾಮೇನ್ರಿ ಸಾಬ್ರೇ?" ಎಂದು ಕೇಳಿದರೆ ಎಲ್ಲರಂತೆ ಆರಾಮೆಂದು ಹೇಳಿ ಮುಗಿಸುವವರಲ್ಲ. ಸ್ವಲ್ಪ ಯೋಚಿಸಿ, "ಇಲ್ಲೀಗಂಟ ಆರಾಮು" ಎನ್ನುತ್ತಿದ್ದರು.

ಮಂಡಿಯಲ್ಲಿ ಕೂರುವ ಮೊದಲು ಅವರು ಬಸ್ ನಿಲ್ದಾಣದ ಹತ್ತಿರ ರೇಡಿಯೋ ರಿಪೇರಿ ಮಾಡುತ್ತಿದ್ದರು. ತಂದೆ ತೀರಿಕೊಂಡು ಮಂಡಿ ಹೆಗಲಿಗೆ ಬಂದಾಗ ಬೆಸುಗೆ ಹಾಕುವ ಕಡ್ಡಿಯನ್ನು ಕೆಳಗಿಟ್ಟರೇ ಹೊರತು ರಿಪೇರಿಯವನ ಬುದ್ಧಿಯನ್ನು ಬಿಡಲಿಲ್ಲ. ಒಮ್ಮೆ ನಾನು ಅವರಿಂದ ಕೊಂಡ ಶೇಂಗಾದಲ್ಲಿ ಒಂದಿಷ್ಟು ಬೂಸಲು ಹಿಡಿದ ಕಾಯಿ ಬಂತು. ಯಾರ ಹೊಲದ್ದು ಎಂದು ಕೇಳಿದರೆ, ಹತ್ತು ಜನರ ಕಾಯಿ ಒಂದೇ ರಾಶಿಯಲ್ಲಿ ಬೆರೆತು ಹೋಗಿತ್ತು. ನಾನು ಎರಡು ಮಾತು ಬೈದು ಮರೆತೆ. ಅವರು ಮರೆಯಲಿಲ್ಲ. ಒಂದು ವಾರ ಬಿಟ್ಟು ನನ್ನ ಮಿಲ್ಲಿಗೆ ಬಂದು, ಬೆಂಚಿನ ತೀರಾ ತುದಿಯಲ್ಲಿ ಕೂತು ಹೇಳಿದರು:

"ರೇಡಿಯೋ ಕೆಟ್ರೆ ತಂತಿ ಹಿಡ್ಕಂಡ್ ಹೋದ್ರೆ ಎಲ್ಲಿ ಕೆಟ್ಟೈತೆ ಅಂತ ಸಿಗ್ತೈತೆ ಸಾವ್ಕಾರ್ರೇ. ಶೇಂಗಾ ಕೆಟ್ರೆ ಯಾವ್ ತಂತಿ ಹಿಡೀಲಿ? ರಾಶಿಗೆ ತಂತೀನೇ ಇಲ್ಲ. ಅದೇ ನನಗೆ ಫಿಕರು."

ಫಿಕರು ಎಂಬುದು ಅವರ ನಾಲಿಗೆಯ ಮೇಲೆ ಮನೆ ಮಾಡಿಕೊಂಡಿದ್ದ ಮಾತು. ನಮಗೆ ಬರುವ ಚಿಂತೆ ಬಂದು ಹೋಗುತ್ತದೆ. ಸಾಬರ ಫಿಕರು ಬಂದರೆ ಚಾಪೆ ಹಾಸಿಕೊಂಡು ಕೂರುತ್ತಿತ್ತು.

ಆ ಫಿಕರಿನಿಂದಲೇ ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಪ್ರಾಂಗಣದ ಮೊಟ್ಟಮೊದಲ ಕಂಪ್ಯೂಟರ್ ಬಂತು. ಬೆಂಗಳೂರಿನ ಯಾವುದೋ ಆಫೀಸಿನವರು ಸಾಕಾಯಿತೆಂದು ಬಿಟ್ಟದ್ದನ್ನು ಲಾರಿಯ ಮೇಲೆ ಶೇಂಗಾ ಚೀಲಗಳ ನಡುವೆ ಮೆತ್ತಗೆ ಕೂರಿಸಿಕೊಂಡು ತಂದರು. ನಮ್ಮೂರಿನ ಧೂಳು ಸಾಮಾನ್ಯದ್ದಲ್ಲವಾದ್ದರಿಂದ ಅದಕ್ಕೆ ನಮ್ಮೂರಿನದೇ ಕರಿ ಕಂಬಳಿಯನ್ನು ಹೊದಿಸಿದರು. ಕರೆಂಟು ಹೋದರೆ ಇರಲಿ ಎಂದು ಲಾರಿಯ ಹಳೆಯ ಬ್ಯಾಟರಿಗೆ ತಂತಿ ಎಳೆದು, ರೇಡಿಯೋ ದಿನಗಳ ವಿದ್ಯೆಯಿಂದ ಏನೋ ಒಂದು ವ್ಯವಸ್ಥೆ ಮಾಡಿದರು. ಪುಸ್ತಕ ಇಟ್ಟುಕೊಂಡು ಆರು ತಿಂಗಳು ಗುದ್ದಾಡಿ, ರೈತನ ಹೆಸರು, ಊರು, ಮೂಟೆಯ ನಂಬರು, ಕೊಂಡ ಮಿಲ್ಲು, ಇಷ್ಟನ್ನೂ ಒಂದೇ ಸಾಲಿನಲ್ಲಿ ತೋರಿಸುವ ಹಾಗೆ ಮಾಡಿಕೊಂಡರು. ಯಾವುದೇ ನಂಬರು ಒತ್ತಿದರೆ ಆ ಮೂಟೆಯ ಜಾತಕ ಪರದೆಯ ಮೇಲೆ ಬರುತ್ತಿತ್ತು. ರೈತರು ಬೆರಗಾಗಿ ನೋಡಿದರು. ಇಡೀ ಮಾರುಕಟ್ಟೆ ಆ ಕಂಪ್ಯೂಟರನ್ನು ನಂಬಿತು. ನಂಬದಿದ್ದವರು ಅದರ ಯಜಮಾನರೊಬ್ಬರೇ. ಪ್ರತಿ ಸಂಜೆ ಅಷ್ಟನ್ನೂ ಕಾಗದದ ಮೇಲೆ ಅಚ್ಚು ಹಾಕಿಸಿ, ಅಚ್ಚಿನ ಶಾಯಿ ಮಾಸೀತೆಂದು ಅದರ ಮೇಲೆಯೇ ಮತ್ತೆ ಪೆನ್ನಿನಲ್ಲಿ ತಿದ್ದುತ್ತಿದ್ದರು.

ಮೊಬೈಲು ಬಂದ ಮೇಲೆ ಫಿಕರಿಗೆ ರೆಕ್ಕೆ ಬಂತು. ಬಳ್ಳಾರಿಯಲ್ಲಿ ಇವತ್ತಿನ ಧಾರಣೆ ಎಷ್ಟು, ದಾವಣಗೆರೆಯಲ್ಲಿ ಎಷ್ಟು ಎಂದು ಬೆಳಗ್ಗೆ ವಿಚಾರಿಸಿಕೊಂಡು, ದೊಡ್ಡಉಳ್ಳಾರ್ತಿ, ನಾಯಕನಹಟ್ಟಿ, ರಾಂಪುರದ ಕಡೆಗಳಲ್ಲಿ ಮೊಬೈಲು ಇದ್ದ ಕೆಲವೇ ಜನರಿಗೆ ಮೆಸೇಜು ಕಳಿಸುತ್ತಿದ್ದರು. ಆ ಒಬ್ಬೊಬ್ಬರೂ ಊರಿಗೆಲ್ಲ ಹೇಳಬೇಕೆಂಬ ಕರಾರು. ಇದರಿಂದ ರೈತರಿಗೆ ಗಾಡಿ ಕಟ್ಟುವ ಮೊದಲೇ ಧಾರಣೆ ಗೊತ್ತಾಗಿ, ಬಿದ್ದ ದಿನ ಬಂದು ಪರದಾಡುವುದು ತಪ್ಪಿತು. ಸಾಬರಿಗೆ ಮಾತ್ರ ಏನೂ ತಪ್ಪಲಿಲ್ಲ. ಮೆಸೇಜು ಕಳಿಸಿದ ಐದು ನಿಮಿಷಕ್ಕೆ ಪ್ರತಿಯೊಬ್ಬರಿಗೂ ಫೋನು ಮಾಡಿ, ಮೆಸೇಜು ಬಂತೋ ಇಲ್ಲವೋ ಎಂದು ಕೇಳುತ್ತಿದ್ದರು. ಫೋನೇ ಮಾಡುವುದಾದರೆ ಮೆಸೇಜು ಯಾಕೆ ಎಂದು ನಾನು ಕೇಳಿದೆ. ಫೋನಿನಲ್ಲಿ ಹೇಳಿದ್ದನ್ನು ಮರೆತರೆ ಎಂದರು.

ಅವರ ಫಿಕರಿನ ಸಾಮ್ರಾಜ್ಯ ಕೊನೆಯಾಗುತ್ತಿದ್ದದ್ದು ನನ್ನ ಮಿಲ್ಲಿನ ಗೇಟಿನಲ್ಲಿ. ಒಳಗೆ ಬಂದ ಮೂಟೆಯನ್ನು ನಮ್ಮ ಹಮಾಲರು ರಾಶಿಗೆ ಸುರಿಯುತ್ತಿದ್ದರು. ಅಲ್ಲಿಗೆ ಅದರ ಜಾತಕ ಮುಗಿಯಿತು. ರಾಶಿ ಎಣ್ಣೆಯಾಗಿ, ಎಣ್ಣೆ ಡಬ್ಬಕ್ಕೆ ಇಳಿದು, ಡಬ್ಬ ಮೊಳಕಾಲ್ಮೂರಿಗೆ ಹೋಗುತ್ತಿತ್ತು. ಅಲ್ಲಿ ನನ್ನ ಷಡ್ಡಕನ ಸಗಟು ಅಂಗಡಿ. ಆ ಕಾಲದಲ್ಲಿ ನಮ್ಮಂಥ ಸಣ್ಣ ಮಿಲ್ಲಿನವರು ಹಳೆ ಡಬ್ಬಗಳನ್ನೇ ತೊಳೆದು ತುಂಬುತ್ತಿದ್ದೆವು. ಅದರ ಮೇಲೆ ಹೆಸರಿಲ್ಲ, ಗುರುತಿಲ್ಲ. ನಂಬರು ಹಾಕೋಣ, ನಾನೇ ಬಂದು ಕಂಪ್ಯೂಟರಿನಲ್ಲಿ ಕೂರಿಸಿಕೊಡುತ್ತೇನೆ ಎಂದು ಸಾಬರು ಎರಡು ವರ್ಷ ದುಂಬಾಲು ಬಿದ್ದರು. ನಾನು ಪ್ರತಿ ಸಲವೂ ಬಹಳ ಗಂಭೀರವಾಗಿ, ನನ್ನ ಡಬ್ಬಗಳಿಗೆ ದಾರಿ ಗೊತ್ತಿದೆ, ಅವು ತಪ್ಪಿಸಿಕೊಳ್ಳುವುದಿಲ್ಲ ಎಂದು ಹೇಳಿ, ಬೆಂಚಿನಲ್ಲಿ ಕೂತವರನ್ನು ನಗಿಸುತ್ತಿದ್ದೆ. ಸಾಬರೂ ನಗುತ್ತಿದ್ದರು. ಎದ್ದು ಹೋಗುವಾಗ ಗೇಟಿನ ಹತ್ತಿರ ಒಮ್ಮೆ ನಿಂತು ಡಬ್ಬಗಳ ಸಾಲನ್ನು ನೋಡುತ್ತಿದ್ದರು.

ಎರಡು ಸಾವಿರದ ಇಸವಿ ಕಳೆದು ಮೂರೋ ನಾಲ್ಕೋ ವರ್ಷವಾಗಿತ್ತು. ಬಿತ್ತನೆ ಮುಗಿಯುತ್ತಾ ಬಂದ ದಿನಗಳು. ಒಂದು ಬೆಳಗ್ಗೆ ಹಳ್ಳಿಯ ಹೆಣ್ಣುಮಗಳೊಬ್ಬಳು ಸಾಬರ ಮಂಡಿಗೆ ಬಂದಳು. ಎರಡು ದಿನದ ಹಿಂದೆ ಮೂರು ಮೂಟೆ ಸುಲಿದ ಶೇಂಗಾ ಬೀಜ ತಂದು ಮಾರಿ ಹೋಗಿದ್ದವಳು. ಈಗ ಬಂದದ್ದು ಖಾಲಿ ಚೀಲಗಳನ್ನು ವಾಪಸು ಕೇಳಲು. ನಮ್ಮ ಕಡೆ ಚೀಲ ಕೇಳಿಕೊಂಡು ಬರುವುದು ಹೊಸದೇನಲ್ಲ. ಮಾಲು ಮಾರಿದ್ದೇವೆ, ಚೀಲ ಮಾರಿಲ್ಲ ಎಂಬುದು ಅವರ ವಾದ. ಮಿಲ್ಲಿನಿಂದ ತರಿಸಿಕೊಡುತ್ತೇನೆ ಎಂದರು ಸಾಬರು. ಆಗ ಅವಳು ಒಂದು ಬೇಡಿಕೆ ಇಟ್ಟಳು. ಬೇರೆಯವರ ಚೀಲ ಕೊಡಬೇಡಿ, ನನ್ನವೇ ಬೇಕು, ಗುರುತಿಗೆ ಒಳಗಡೆ ಕೆಂಪು ಕಲೆ ಇದೆ, ಎಷ್ಟು ಒಗೆದರೂ ಹೋಗಲಿಲ್ಲ.

ಎಂಥ ಕೆಂಪು ಎಂದು ಸಾಬರು ಕೇಳಿದರು.

"ಬಿತ್ತೋ ಬೀಜಕ್ಕೆ ಹಚ್ತಾರಲ್ಲ, ಆ ಔಷಧಿದು. ಬಿತ್ತಿ ಉಳೀತು. ಬಂಗಾರದಂಥಾ ಬೀಜ, ಹೆಂಗ್ ಚೆಲ್ಲಾದು? ಮೂರ್ ನೀರ್‌ನಾಗೆ ತೊಳ್ದು, ಎರಡ್ ದಿನ ಮಾಳ್ಗಿ ಮ್ಯಾಲೆ ಒಣಗ್ಸಿ ತಂದೀನಿ ಸಾಬ್ರೇ. ಒಂದ್ ಕಲ್ಲಿಲ್ಲ, ಮಣ್ಣಿಲ್ಲ. ನಿಮ್ ಮಂಡಿಗೆ ಅಂಥಾ ಮಾಲು ಯಾರ್ ತಂದಾರೆ ಹೇಳ್ರಿ."

ಹೊಲದಲ್ಲಿ ಬೀಜ ಕೊಳೆಯದಿರಲಿ ಎಂದು ಬಿತ್ತುವ ಮುಂಚೆ ಹಚ್ಚುವ ಆ ಪುಡಿಯ ಚೀಟಿಯ ಮೇಲೆ ತಲೆಬುರುಡೆಯ ಚಿತ್ರ ಇರುತ್ತದೆ. ಶೇಂಗಾ ಬೀಜದ ಸಿಪ್ಪೆ ಮೊದಲೇ ಕೆಂಪು. ಬಣ್ಣ ಅದರಲ್ಲಿ ಕೂಡಿಕೊಂಡು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಅವಳು ಯಾರಿಗೂ ಮೋಸ ಮಾಡಲು ಹೊರಟವಳಲ್ಲ. ಕಾಳನ್ನು ತಿಪ್ಪೆಗೆ ಚೆಲ್ಲುವುದು ಪಾಪವೆಂದು ನಂಬಿದ ಮನೆಯವಳು. ತೊಳೆದರೆ ಹೋಗದ ಕೊಳೆಯನ್ನು ಅವಳು ಅದುವರೆಗೆ ಕಂಡಿರಲಿಲ್ಲ.

ಸಾಬರು ಕಂಬಳಿ ಸರಿಸಿ ಕಂಪ್ಯೂಟರಿನ ಮುಂದೆ ಕೂತರು. ಅವಳ ಮೂಟೆಗಳ ನಂಬರು ೪೧೧೭, ೪೧೧೮, ೪೧೧೯. ಕೊಂಡವರು ಎಂಬಲ್ಲಿ ನನ್ನ ಮಿಲ್ಲಿನ ಹೆಸರು.

ಹನ್ನೊಂದು ಗಂಟೆ ಇದ್ದೀತು. ಸಾಬರು ಮಿಲ್ಲಿನೊಳಗೆ ಬಂದವರು ಎಂದಿನಂತೆ ಬೆಂಚಿನ ತುದಿಗೆ ಹೋಗದೆ, ನೇರ ನನ್ನ ಮೇಜಿನ ಮುಂದೆ ನಿಂತರು. ಏದುಸಿರು. ಆದರೆ ಸ್ವರ ಮೇಲೆ ಹೋಗಲಿಲ್ಲ. "ಯಂತ್ರ ನಿಲ್ಸಿ ಸಾವ್ಕಾರ್ರೇ" ಎಂದರು. ನಾನು ಏನೋ ತಮಾಷೆಯ ಮಾತು ತೆಗೆಯುವುದರಲ್ಲಿದ್ದೆ. ಅವರ ಮುಖ ನೋಡಿ ನಿಲ್ಲಿಸಿದೆ, ಮಾತನ್ನೂ ಯಂತ್ರವನ್ನೂ.

ಖಾಲಿ ಚೀಲಗಳ ಗುಡ್ಡೆಯಲ್ಲಿ ಹುಡುಕಿದಾಗ ನೀಲಿ ನಂಬರಿನ ಮೂರೂ ಚೀಲ ಸಿಕ್ಕವು. ಅಂದರೆ ಬೀಜ ರಾಶಿಗೆ ಬಿದ್ದಾಗಿದೆ. ಯಾವಾಗ ಬಿತ್ತು? ಅದನ್ನು ಹೇಳುವ ಕಾಗದ ನನ್ನಲ್ಲಿರಲಿಲ್ಲ. ನಮ್ಮ ಮಿಸ್ತ್ರಿ ಈರಣ್ಣ ತಲೆ ಕೆರೆದುಕೊಂಡು, ಮೊನ್ನೆ ಸಂಜೆ ಬಂದವು, ನಿನ್ನೆ ಬೆಳಗ್ಗೆ ಸುರಿದಿರಬೇಕು ಎಂದ. ಇರಬೇಕು ಎಂಬ ಆ ಪದ ಕೇಳಿ ಸಾಬರು ಕಣ್ಣು ಮುಚ್ಚಿಕೊಂಡರು. ನಿನ್ನೆ ತೆಗೆದ ಎಣ್ಣೆಯಲ್ಲಿ ಒಂದಷ್ಟು ತೊಟ್ಟಿಯಲ್ಲಿತ್ತು. ಅದರ ಬಾಯಿ ಮುಚ್ಚಿಸಿದೆ. ಹಿಂಡಿ ಇನ್ನೂ ಯಾವ ದನದ ಗೋದಲಿಗೂ ಹೋಗಿರಲಿಲ್ಲ. ಅದಕ್ಕೂ ಬೀಗ ಬಿತ್ತು. ಉಳಿದದ್ದು ಇಪ್ಪತ್ತೆರಡು ಡಬ್ಬ. ಅವು ನಿನ್ನೆ ಮಧ್ಯಾಹ್ನವೇ ಟೆಂಪೋದಲ್ಲಿ ಮೊಳಕಾಲ್ಮೂರಿಗೆ ಹೋಗಿದ್ದವು.

ಷಡ್ಡಕನಿಗೆ ಫೋನು ಮಾಡಿದೆ. ನನ್ನ ಡಬ್ಬಗಳನ್ನು ಬೇರೆ ಮಿಲ್ಲುಗಳ ಡಬ್ಬಗಳ ಜೊತೆಗೇ ಇಳಿಸಿದ್ದಾನೆ. ನಿನ್ನೆ ಸಂಜೆಯೇ ಆ ಬೆರೆತ ಸಾಲಿನಿಂದ ಹತ್ತೊಂಬತ್ತು ಡಬ್ಬ ರಾಂಪುರದ ಬೇರೆ ಬೇರೆ ಅಂಗಡಿಗಳಿಗೆ ಹೋಗಿವೆ. ಯಾವುದು ನನ್ನದು, ಯಾವುದು ಬೇರೆಯವರದು? ಎಲ್ಲ ಒಂದೇ ಥರ ಇವೆ ಭಾವ ಎಂದ. ದಾರಿ ಗೊತ್ತಿದ್ದ ನನ್ನ ಡಬ್ಬಗಳು ಹೀಗೆ ದಾರಿ ಹಿಡಿದು ಹೋಗಿದ್ದವು.

ಪರಿಚಯದ ಕೃಷಿ ಅಧಿಕಾರಿಯೊಬ್ಬರನ್ನು ಫೋನಿನಲ್ಲಿ ಕೇಳಿದೆವು. ತೊಳೆದಿದ್ದಾರೆ, ದೊಡ್ಡ ರಾಶಿಯಲ್ಲಿ ಬೆರೆತಿದೆ, ಏನೂ ಆಗದೆಯೂ ಇರಬಹುದು. ಆದರೆ ಒಂದು ಹನಿಯನ್ನೂ ಯಾರೂ ತಿನ್ನಕೂಡದು ಎಂದರು. ಏನೂ ಆಗದೆಯೂ ಇರಬಹುದು ಎಂಬ ಮಾತನ್ನು ನಾನು ಹಿಡಿದುಕೊಂಡೆ. ತಿನ್ನಕೂಡದು ಎಂಬುದನ್ನು ಸಾಬರು ಹಿಡಿದುಕೊಂಡರು.

ಅವರ ಮೊಬೈಲಿನಲ್ಲಿ ಮೊಳಕಾಲ್ಮೂರು, ರಾಂಪುರದ ಅಂಗಡಿಯವರ, ಹೋಟೆಲಿನವರ, ಟೆಂಪೋದವರ ನಂಬರುಗಳೆಲ್ಲ ಇದ್ದವು. ಮನುಷ್ಯ ಕಂಡರೆ ನಂಬರು ಬರೆದುಕೊಳ್ಳುವುದು ಅವರ ಚಾಳಿ. ಎಲ್ಲರಿಗೂ ಈ ಕ್ಷಣ ಮೆಸೇಜು ಕಳಿಸಬೇಕು, ನಿಮ್ಮ ಮಿಲ್ಲಿನ ಹೆಸರು ಹಾಕಲೇ ಎಂದು ಕೇಳಿದರು.

ಇಲ್ಲಿ ನಾನು ಮಾಡಿದ್ದನ್ನು ನೆಟ್ಟಗೆ ಬರೆಯುವುದು ಒಳ್ಳೆಯದು. ನಾನು, ಬೇಡ ಎಂದೆ. ಜೀಪಿನಲ್ಲಿ ನಾವೇ ಹೋಗೋಣ, ಸದ್ದಿಲ್ಲದೆ ಡಬ್ಬ ವಾಪಸು ತರೋಣ, ಹೆಸರು ಹೊರಬಿದ್ದರೆ ಮಿಲ್ಲಿನ ಬಾಗಿಲು ಮುಚ್ಚಿದ ಹಾಗೆ ಎಂದೆ. ಅಪ್ಪನ ಕಾಲದ ಮಿಲ್ಲು, ಹದಿನಾಲ್ಕು ಜನ ಅದರಲ್ಲಿ ಉಣ್ಣುತ್ತಾರೆ ಎಂದೂ ಸೇರಿಸಿದೆ. ಮಾತು ಉದ್ದವಾಗುತ್ತಿದ್ದಾಗ ಸಾಬರು ಗೋಡೆಯ ಗಡಿಯಾರ ನೋಡಿದರು.

"ಜೀಪು ಹೋಗಾಕೆ ಎರಡ್ ತಾಸು ಬೇಕು. ಅಷ್ಟ್ರಾಗೆ ಎಷ್ಟ್ ಮನ್ಯಾಗೆ ಒಗ್ಗರಣೆ ಹಾಕ್ತಾರೆ ಸಾವ್ಕಾರ್ರೇ? ನಾನು ಹುಟ್ಟಿದಾಗಿಂದ ಎಲ್ಲಾದಕ್ಕೂ ಹೆದರ್ಕಂಡೇ ಬಂದೀನಿ. ಇವತ್ತು ನಿಮ್ ಹೆಸ್ರಿಗ್ ಹೆದರ್ಕಂಡ್ ಕೂತ್ರೆ ನನ್ ಹೆದರ್ಕೆಗೇ ಮರ್ಯಾದೆ ಇರಲ್ಲ."

ಹೀಗೆಂದು ಅಲ್ಲೇ ನಿಂತುಕೊಂಡು ಮೆಸೇಜು ಒತ್ತತೊಡಗಿದರು. ಆಮೇಲೆ ರಾಂಪುರದ ಅಂಗಡಿಯಲ್ಲಿ ನಾನದನ್ನು ಓದಿದೆ. ನನ್ನ ಮಂಡಿಯಿಂದ ಹೋದ ಬೀಜದಲ್ಲಿ ಔಷಧಿ ಬೆರೆತಿದೆ. ನಿನ್ನೆಯಿಂದ ಬಂದಿರುವ ಚಳ್ಳಕೆರೆಯ ಶೇಂಗಾ ಎಣ್ಣೆಯ ಡಬ್ಬ ಯಾವುದನ್ನೂ ಒಡೆಯಬೇಡಿ, ಮಾರಬೇಡಿ. ನಾನೇ ಬಂದು ಒಯ್ಯುತ್ತೇನೆ. ಅಬ್ದುಲ್ ವಹಾಬ್. ಇಷ್ಟೇ. ನನ್ನ ಹೆಸರಿಲ್ಲ.

ಮೆಸೇಜು ಕಳಿಸಿ ಜೀಪು ಹತ್ತಿದರು. ದಾರಿಯುದ್ದಕ್ಕೂ ಪ್ರತಿಯೊಬ್ಬರಿಗೂ ಫೋನು ಮಾಡಿ, ಮೆಸೇಜು ಬಂತೇ, ಓದಿದಿರೇ, ಡಬ್ಬ ಎಲ್ಲಿದೆ, ಯಾರ ಕೈಗೂ ಎಟುಕದಂತೆ ಇಟ್ಟಿದ್ದೀರಾ ಎಂದು ಕೇಳಿದರು. ಊರುಗಳ ನಡುವೆ ಸಿಗ್ನಲ್ಲು ಹೋದಾಗ ಫೋನನ್ನು ಕಿಟಕಿಯಾಚೆ ಎತ್ತಿ ಹಿಡಿಯುತ್ತಿದ್ದರು. ಫೋನು ಮಾಡಿ ಕೇಳುವ ಆ ಚಾಳಿಯ ಬಗ್ಗೆ ಆವತ್ತು ನನಗೆ ನಗು ಬರಲಿಲ್ಲ.

ಮೊಳಕಾಲ್ಮೂರಿನಲ್ಲಿ ಷಡ್ಡಕನ ಅಂಗಡಿಯಲ್ಲಿ ಉಳಿದಿದ್ದ ಡಬ್ಬಗಳನ್ನೆಲ್ಲ, ನನ್ನವೋ ಪರರವೋ ನೋಡದೆ ಜೀಪಿಗೆ ಹಾಕಿಸಿದೆವು. ಹೊರಡುವಾಗ ಮಿಲ್ಲಿನವರಿಗೆ ಹೇಳಿ ಬಂದಂತೆಯೇ, ವಿಷಯ ಯಾರ ಕಿವಿಗೂ ಬೀಳದಿರಲಿ ಎಂದು ನಾನು ಅವನ ಕಿವಿಯಲ್ಲೂ ಹೇಳಿದೆ. ಸಂಬಂಧಿಕ, ತಲೆಯಾಡಿಸಿದ. ರಾಂಪುರದಲ್ಲಿ ಅಂಗಡಿಯಿಂದ ಅಂಗಡಿಗೆ ಹೋದೆವು. ಒಬ್ಬ ಅಂಗಡಿಯವನು ಡಬ್ಬದ ಮೇಲೆ ಬೆಲ್ಲದ ಪೆಂಟೆ ಹೇರಿ ಕಾವಲು ಕೂತಿದ್ದ. ಇನ್ನೊಬ್ಬನ ಬಳಿ ನಿನ್ನೆ ಸಂಜೆ ಬಿಡಿಯಾಗಿ ಕಾಲು ಕಿಲೋ ಒಯ್ದವಳ ಮನೆಗೇ ಸಾಬರು ಹೋಗಿ, ಪಾತ್ರೆಯ ಸಮೇತ ಎಣ್ಣೆ ತಂದು, ಹೊಸ ಪಾತ್ರೆ ಕೊಡಿಸಿ ಬಂದರು. ಬಿಸಿಲು ಇಳಿಯುವ ಹೊತ್ತಿಗೆ ಹದಿನೆಂಟು ಡಬ್ಬ ಸಿಕ್ಕಿದ್ದವು.

ಹತ್ತೊಂಬತ್ತನೆಯದು ಬಸ್ ನಿಲ್ಲುವ ಕಡೆಯ ಒಂದು ಹೋಟೆಲಿನಲ್ಲಿತ್ತು. ಅರ್ಧ ಖಾಲಿಯಾಗಿತ್ತು. ನಿನ್ನೆ ಸಂಜೆಯೂ ಇವತ್ತು ಬೆಳಗ್ಗೆಯೂ ಅದರಲ್ಲಿ ಮಿರ್ಚಿ ಕರಿದಿದ್ದರು. ಮೆಸೇಜು ಬಂದ ಮೇಲೆ ಒಲೆ ಆರಿಸಿದ್ದೇನೆ ಎಂದ ಹೋಟೆಲಿನವನು. ಮನೆಯಲ್ಲಿ ತೆಲುಗು ಮಾತಾಡುವ ಮನುಷ್ಯ. ಸಾಬರ ಮುಖದ ಬಣ್ಣ ಹೋದದ್ದನ್ನು ನೋಡಿ ಅವನೇ ಧೈರ್ಯ ಹೇಳಿದ. "ಏಮಿ ಸಾಬ್, ಹಂಗ್ಯಾಕ್ ನೋಡ್ತೀರಿ? ನಾನೇ ನಾಕ್ ತಿಂದೀನಿ. ನಿಮ್ ಮುಂದ್ ನಿಂತೀನಲ್ಲ."

ಆ ಡಬ್ಬ ನನ್ನ ಇಪ್ಪತ್ತೆರಡರಲ್ಲಿ ಒಂದೇ, ಅಥವಾ ಬೇರೆ ಮಿಲ್ಲಿನ ನಿರಪರಾಧಿ ಡಬ್ಬವೇ? ಅದನ್ನು ಹೇಳುವ ಗುರುತು ಅದರ ಮೇಲಿರಲಿಲ್ಲ. ಸಾಬರು ಅದನ್ನು ತಿರುಗಿಸಿ, ಮಗುಚಿ, ತಳ ನೋಡಿ, ನನ್ನ ಕಡೆ ನೋಡಿದರು. ಬೈದಿದ್ದರೆ ನನಗೆ ಹಗುರವಾಗು‌ತ್ತಿತ್ತು.

ತಂದ ಎಣ್ಣೆಯನ್ನು ಸಾಬೂನು ಮಾಡುವವರಿಗೆ ಕೊಡಬಹುದು ಎಂದು ಯಾರೋ ಹೇಳಿದರು. ಸಾಬೂನಿಗೆಂದು ಒಯ್ದವನು ಮನೆಗೆ ಒಯ್ದರೆ ಎಂದು ಸಾಬರು ಒಪ್ಪಲಿಲ್ಲ. ತಾವೇ ನಿಂತು ಅದಕ್ಕೆಲ್ಲ ಸೀಮೆಎಣ್ಣೆ ಬೆರೆಸಿದರು. ರಾಶಿ, ಹಿಂಡಿ ಎಲ್ಲ ನನ್ನ ಹೊಲದ ಗುಂಡಿಗೆ ಹೋದವು. ಗುಂಡಿಯ ಮೇಲೆ ಮಣ್ಣು ಎಳೆದ ಮೇಲೆ, ಹಂದಿ ಅಗೆದರೆ ಎಂದು ಚಪ್ಪಡಿ ಹಾಕಿಸಿದರು.

ಆ ಬಳಿಕ ಮೂರು ತಿಂಗಳು ಪ್ರತಿ ಸೋಮವಾರ ವಹಾಬ್ ಸಾಬರು ಬಸ್ಸು ಹತ್ತಿ ರಾಂಪುರಕ್ಕೆ ಹೋಗಿ, ಆ ಹೋಟೆಲಿನ ಬಾಗಿಲ ಬಳಿಯ ಮೇಜಿನಲ್ಲಿ ಕೂತು ಚಹಾ ಕುಡಿದರು. ಕುಡಿಯುವುದು ನೆಪ. ಬರುವ ಗಿರಾಕಿಗಳ ಮುಖ ನೋಡುವುದು ಕೆಲಸ. ಮಿರ್ಚಿಯ ಖಾಯಂ ಗಿರಾಕಿಗಳು ಯಾರು ಯಾರೆಂದು ಹೋಟೆಲಿನವನಿಂದ ತಿಳಿದು, ಹೆಸರು ಬರೆದುಕೊಂಡು, ಹಾಜರಿ ತೆಗೆದುಕೊಳ್ಳುತ್ತಿದ್ದರು. ಒಂದು ವಾರ ಮೂಲೆಯಲ್ಲಿ ಕೂರುತ್ತಿದ್ದ ರುಮಾಲಿನ ಅಜ್ಜ ಬರಲಿಲ್ಲ. ಮಗಳ ಊರಿಗೆ ಹೋಗಿದ್ದಾನೆ ಎಂದು ಹೋಟೆಲಿನವನು ಹೇಳಿದರೂ ಸಾಬರಿಗೆ ಸಾಲಲಿಲ್ಲ. ಮಗಳ ಊರು ಯಾವುದೆಂದು ಕೇಳಿ, ಇನ್ನೊಂದು ಬಸ್ಸು ಹತ್ತಿ ರಾಜ್ಯದ ಗಡಿ ದಾಟಿ ಅಲ್ಲಿಗೇ ಹೋದರು. ಅಜ್ಜ ಜಗಲಿಯ ಮೇಲೆ ಕೂತು ಮೊಮ್ಮಗಳಿಗೆ ಬೈಯುತ್ತಿದ್ದನಂತೆ. ಗುರುತಿಲ್ಲದ ಸಾಬರೊಬ್ಬರು ರಸ್ತೆಯಲ್ಲಿ ನಿಂತು ಒಂದು ನಿಮಿಷ ತನ್ನನ್ನೇ ನೋಡಿ, ಸಂತೋಷದಿಂದ ಸಲಾಮು ಮಾಡಿ ಹೋದದ್ದು ಯಾಕೆಂದು ಅವನಿಗೆ ಸಾಯುವವರೆಗೂ ಗೊತ್ತಾಗಲಿಕ್ಕಿಲ್ಲ. ಯಾರಿಗೂ ಏನೂ ಆಗಲಿಲ್ಲ. ಆದರೆ ಆಗಲಿಲ್ಲ ಎಂಬುದನ್ನು ಸಾಬರು ಆಗುವುದಿಲ್ಲ ಎಂದು ಎಂದೂ ಓದಲಿಲ್ಲ.

ಚಳ್ಳಕೆರೆಯಲ್ಲಿ ಏನಾಗಬೇಕೋ ಅದು ಆಯಿತು. ನನ್ನ ಮಿಲ್ಲಿನ ಹೆಸರು ಹಾಕಿದ್ದರೆ ನನ್ನ ಷಡ್ಡಕನ ಅಂಗಡಿಯಿಂದ ಹೋದ ಡಬ್ಬಗಳಷ್ಟೇ ನಿಲ್ಲುತ್ತಿದ್ದವು. ಹಾಕದ್ದರಿಂದ ಎಲ್ಲ ಮಿಲ್ಲುಗಳ ಎಣ್ಣೆಯೂ ಎರಡು ದಿನ ಅಂಗಡಿಗಳಲ್ಲಿ ಬಂಧನದಲ್ಲಿತ್ತು. ಮಿಲ್ಲಿನವರ ಸಿಟ್ಟೆಲ್ಲ ಸಾಬರ ಮೇಲೆ ಬಿತ್ತು. ಅವರ ಮಂಡಿಗೆ ಔಷಧಿ ಮಂಡಿ ಎಂದು ಹೆಸರು ಬಂತು. ಆ ಹಂಗಾಮು ಅವರಲ್ಲಿ ಬೀಜ ಕೊಳ್ಳುವವರೇ ಇಲ್ಲ. ಎದುರಿಗೇ ಕೇಳುವವರೂ ಇದ್ದರು: "ಏನ್ ಸಾಬ್ರೇ, ಇವತ್ತಿಂದು ತಿನ್ನೋದೋ, ಬಿತ್ತೋದೋ?" ಸಾಬರು ಪರದೆಯ ಕಡೆ ನೋಡಿ, ತಿನ್ನುವುದು ಎಂದು ಪ್ರಾಮಾಣಿಕವಾಗಿ ಉತ್ತರ ಕೊಡುತ್ತಿದ್ದರು.

ಕೊಳ್ಳುತ್ತಿದ್ದವನು ನಾನೊಬ್ಬ. ಇದರಿಂದ ನನಗೆ ಊರಿನಲ್ಲಿ ದೊಡ್ಡ ಮನಸ್ಸಿನವನೆಂಬ ಕೀರ್ತಿ ಬಂತು. ಎಲ್ಲರೂ ಕೈಬಿಟ್ಟರೂ ಸಾವುಕಾರರು ಸಾಬರನ್ನು ಬಿಡಲಿಲ್ಲ ಎಂದು ಜನ ನನ್ನ ಮುಂದೆಯೇ ಹೊಗಳುತ್ತಿದ್ದರು. ನಾನು ಕತ್ತು ಬಗ್ಗಿಸುತ್ತಿದ್ದೆ. ಅದನ್ನು ಅವರು ವಿನಯವೆಂದು ತಿಳಿದರು.

ಆ ವರ್ಷವೇ ಸಾಬರು ನನ್ನ ಮಿಲ್ಲಿನಲ್ಲಿ ಒಂದು ಕಂಪ್ಯೂಟರ್ ಕೂರಿಸಿದರು. ಯಾವ ಮೂಟೆ ಯಾವ ದಿನ ರಾಶಿಗೆ ಬಿತ್ತು, ಆ ದಿನದ ಎಣ್ಣೆ ಯಾವ ನಂಬರಿನ ಡಬ್ಬಗಳಿಗೆ ಇಳಿಯಿತು, ಡಬ್ಬ ಯಾವ ಅಂಗಡಿಗೆ ಹೋಯಿತು ಎಂಬುದೆಲ್ಲ ಅದಕ್ಕೆ ಹೋಗತೊಡಗಿತು. ಈರಣ್ಣ ಮಿಸ್ತ್ರಿ, ಇರಬೇಕು ಎಂಬ ಪದವನ್ನು ಬಿಟ್ಟ. ನಾಲ್ಕಾರು ವರ್ಷದಲ್ಲಿ ಬೇರೆ ಮಿಲ್ಲಿನವರೂ ಒಬ್ಬೊಬ್ಬರಾಗಿ ಸಾಬರನ್ನು ಕರೆಸಿಕೊಂಡರು. ಬೈದ ಬಾಯಲ್ಲೇ ಕರೆದರು. ಸಾಬರು ಹೋಗಿ ಮಾಡಿಕೊಟ್ಟು ಬಂದರು.

ಕೊನೆಯ ಸಲ ಅವರನ್ನು ನೋಡಿದ್ದು ಅವರ ಮನೆಯಲ್ಲಿ. ಎದೆನೋವು ಬಂದು ಹದಿನೈದು ದಿನ ಆಸ್ಪತ್ರೆಯಲ್ಲಿದ್ದು ಆಗಷ್ಟೇ ಮನೆಗೆ ಬಂದಿದ್ದರು. ದಿಂಬಿಗೆ ಒರಗಿ ಕೂತಿದ್ದರು, ಕೈ ಮೊದಲಿಗಿಂತ ತೆಳ್ಳಗಾಗಿತ್ತು. ಕಂಪ್ಯೂಟರಿಗೆ ಕಂಬಳಿ ಹೊದಿಸಿದ್ದಾರೋ ಇಲ್ಲವೋ ನೋಡಿಕೊಂಡು ಬರಬೇಕಿತ್ತು ನೀವು ಎಂದು ಆಕ್ಷೇಪಿಸಿದರು. ನಾನು ಬಹಳ ದಿನದಿಂದ ಹೊತ್ತುಕೊಂಡಿದ್ದನ್ನು ಆಗ ಹೇಳಿದೆ. ಈ ತಿಂಗಳು ವರ್ತಕರ ಸಭೆಯಲ್ಲಿ, ಆ ಎಣ್ಣೆ ನನ್ನ ಮಿಲ್ಲಿನದು, ಹೆಸರು ಮುಚ್ಚಿಟ್ಟವನು ನಾನು ಎಂದು ಎದ್ದು ನಿಂತು ಹೇಳುತ್ತೇನೆ ಎಂದೆ.

ಸಾಬರು ಬೇಡ ಎನ್ನುತ್ತಾರೆಂದು ಒಳಗೊಳಗೇ ಕಾದಿದ್ದೆ. ಅವರು ಅಷ್ಟು ಸುಲಭದ ಮನುಷ್ಯರಲ್ಲ.

"ಹೇಳ್ರಿ. ಹೇಳಿದ್ರೆ ನಂಗೂ ಹಗುರ. ಆದ್ರೆ ಆಯಮ್ಮನ ಹೆಸ್ರು ಬಾಯಿಗ್ ಬರಬಾರ್ದು ಸಾವ್ಕಾರ್ರೇ, ಊರ್ ಹೆಸ್ರೂ ಬರಬಾರ್ದು. ಪಾಪ, ಮೂರ್ ನೀರ್‌ನಾಗೆ ತೊಳ್ದು ಕೊಟ್ಟಾಳೆ. ನಮ್ ಮಾರ್ಕೆಟ್‌ನಾಗೆ ತೊಳ್ದು ಕೊಟ್ಟೋರ್ ಇನ್ಯಾರ್ ಅದಾರೆ?"

ಆ ತಿಂಗಳ ಸಭೆ ಯಾವುದೋ ಕಾರಣಕ್ಕೆ ಮುಂದೆ ಹೋಯಿತು. ಮುಂದಿನ ಸಭೆಯ ಹೊತ್ತಿಗೆ ವಹಾಬ್ ಸಾಬರು ಇರಲಿಲ್ಲ. ಸಭೆಯಲ್ಲಿ ಅವರಿಗಾಗಿ ಎರಡು ನಿಮಿಷ ಎದ್ದು ನಿಂತೆವು. ನಾನೂ ನಿಂತೆ. ಬಾಯಿ ತೆರೆಯಲಿಲ್ಲ. ಸತ್ತವರ ಸಭೆಯಲ್ಲಿ ನನ್ನ ಪುರಾಣ ಬೇಡವೆಂದು ನನಗೆ ನಾನೇ ಕಾರಣ ಕೊಟ್ಟುಕೊಂಡೆ. ಕಾರಣಗಳಿಗೆ ನನ್ನಲ್ಲಿ ಎಂದೂ ಬರವಿರಲಿಲ್ಲ.

ಮಂಡಿ ಮುಚ್ಚುವಾಗ ಅವರ ತಮ್ಮ ನನ್ನನ್ನು ಕರೆಸಿದರು. ಕಂಪ್ಯೂಟರಿನಲ್ಲಿರುವುದನ್ನು ಇಟ್ಟುಕೊಳ್ಳಬೇಕೋ ಅಳಿಸಬೇಕೋ ಅವರಿಗೆ ತಿಳಿಯದು. ಅವರು ಚಹಾ ಹೇಳಲು ಹೊರಗೆ ಹೋದಾಗ ನಾನು ಆ ಮೂಟೆಯ ನಂಬರು ಒತ್ತಿದೆ. ೪೧೧೭. ಪರದೆಯ ಮೇಲೆ ಸಾಲು ಬಂತು. ಉಳಿದೆರಡನ್ನೂ ಒತ್ತಿದೆ. ಅವೂ ಹಾಗೆಯೇ. ಅಷ್ಟು ವರ್ಷಗಳಲ್ಲಿ, ಅಷ್ಟು ಸಾವಿರ ಮೂಟೆಗಳಲ್ಲಿ ವಹಾಬ್ ಸಾಬರು ಬರೆದಿಟ್ಟ ಸುಳ್ಳು ಆ ಮೂರೇ ಸಾಲು.

ಮಾರಿದವರು: ಅಬ್ದುಲ್ ವಹಾಬ್. ಊರು: ಚಳ್ಳಕೆರೆ. ಕೊಂಡವರು: ಅಬ್ದುಲ್ ವಹಾಬ್.

ಕೊಂಡವನು ನಾನು. ತಿದ್ದಬೇಕಾದದ್ದು ಅದೊಂದೇ, ಈ ಬರಹದಲ್ಲಿ ತಿದ್ದಿದ್ದೇನೆ. ಮಾರಿದವರ ಜಾಗದಲ್ಲಿ ಸಾಬರು ಹಾಕಿದ ಹೆಸರೇ ಇರಲಿ.